ಹನ್ನೆರಡನೇ ನಂಬರಿನ ಎಮ್ಮೆ

ತಿಕೋಟಾದ ಹಿಟ್ಟಿನ ಗಿರಣಿಯ ಸಿದ್ದರಾಯನಿಗೆ ಕಿವಿ ಎರಡೂ ಚೆನ್ನಾಗಿಯೇ ಇದ್ದವು. ತೊಂದರೆ ಏನೆಂದರೆ, ಯಾರು ಏನು ಹೇಳಿದರೂ ಅರ್ಧ ಕೇಳುವಷ್ಟರಲ್ಲಿ ಅವನಿಗೆ ಪೂರ್ತಿ ತಿಳಿದುಬಿಡುತ್ತಿತ್ತು. ಉಳಿದರ್ಧವನ್ನು ಹೇಳುವವರಿಗೇ ಬಿಟ್ಟುಕೊಡುತ್ತಿದ್ದ. ಒಮ್ಮೆ ಕಾಲುನೋವೆಂದು ಹೋದಾಗ ಡಾಕ್ಟರು "ಈ ಎಣ್ಣಿ ದಿನಕ್ಕ ಎರಡು ಸಲ..." ಎಂದು ಶುರು ಮಾಡಿದ್ದೇ ತಡ, "ತಿಳೀತ್ರಿ" ಎಂದು ಎದ್ದು ಬಂದು, ಹಚ್ಚುವ ಎಣ್ಣೆಯನ್ನು ಎರಡು ಸಲ ಕುಡಿದಿದ್ದ. ಅದರಿಂದ ಕಾಲು ನೆಟ್ಟಗಾಯಿತೆಂದು ಇವತ್ತಿಗೂ ಸಾಧಿಸುತ್ತಾನೆ. ಆಮೇಲೆ ಎರಡು ದಿನ ಅವನು ಬಯಲ ಕಡೆಗೆ ಓಡಾಡಿದ್ದನ್ನು ನೋಡಿದವರು ಇಲ್ಲವೆನ್ನಲಾರರು.

ಇಂಥ ಸಿದ್ದರಾಯ ಮನೆಗೆ ವೈಫೈ ಹಾಕಿಸಿದ್ದು ಹೆಂಡತಿಯ ತಮ್ಮ ಮಾಳುವಿನ ಮೇಲಿನ ಹಟಕ್ಕೆ. ಜೈನಾಪುರದ ಮಾಳು ಹೊಸದಾಗಿ ಒಂದು ಎಮ್ಮೆ ತಂದಿದ್ದ. ಎಮ್ಮೆಯ ಹೆಸರು ಚಂದ್ರಿ. ಚಂದ್ರಿಗೆ ಕೊಟ್ಟಿಗೆಯಲ್ಲಿ ಒಂದು ಫ್ಯಾನು, ಫ್ಯಾನಿನ ಪಕ್ಕದಲ್ಲಿ ಒಂದು ಕ್ಯಾಮೆರಾ. ಪಂಚಮಿಗೆ ಹೆಂಡತಿಯ ತವರಿಗೆ ಹೋದ ಸಿದ್ದರಾಯನನ್ನು ಮಾಳು ಪಡಸಾಲೆಯಲ್ಲಿ ಕೂರಿಸಿಕೊಂಡು, ಮೊಬೈಲಿನ ಮೇಲೆ 'ಎಮ್ಮಿ' ಎಂದು ಬರೆದಿದ್ದ ಗುರುತನ್ನು ಒತ್ತಿ, "ನೋಡ್ರಿ ಮಾಮಾ, ಈಗ ಮಲಗೈತಿ," "ಈಗ ಎದ್ದೈತಿ," "ಈಗ ಬಾಲಾ ಬೀಸಾಕತ್ತೈತಿ" ಎಂದು ಊಟ ಮುಗಿಯುವುದರೊಳಗೆ ಐದು ಸಲ ತೋರಿಸಿದ. ಕೊಟ್ಟಿಗೆ ಅಲ್ಲಿಂದ ಹತ್ತು ಹೆಜ್ಜೆ. ಕತ್ತು ಚಾಚಿದರೆ ಎಮ್ಮೆಯೇ ಕಾಣುತ್ತಿತ್ತು.

ಊರಿಗೆ ಬಂದವನೇ ಸಿದ್ದರಾಯ ವಿಜಯಪುರದ ಸ್ಟೇಷನ್ ರಸ್ತೆಯ ಅಂಗಡಿಗೆ ಫೋನು ಮಾಡಿದ. ಅಲ್ಲಿಂದ ಬಂದವಳು ರುಕ್ಸಾರ. ವೈಫೈ, ಕ್ಯಾಮೆರಾ ಕೂಡಿಸುವುದರಲ್ಲಿ ಅವಳ ಕೈ ಚುರುಕು. ಹೊಸ ಕ್ಯಾಮೆರಾ ಏಕೆ ಸುಮ್ಮನೆ ಎಂದು ಸಿದ್ದರಾಯನ ಗಾಜು ಒಡೆದ ಹಳೆಯ ಫೋನನ್ನೇ ಗಿರಣಿಯ ಗೋಡೆಗೆ ಕಟ್ಟಿ, ಅದನ್ನೇ ಕ್ಯಾಮೆರಾ ಮಾಡಿದಳು.

"ಸೆಟ್ಟಿಂಗ್ ತಗೀರಿ ಅಣ್ಣಾರ. ವೈಫೈ ಒತ್ರಿ. ಯಾವ ಹೆಸರಿಗೆ ಕೂಡೈತಿ, ಅದರ ಮ್ಯಾಲ ಮತ್ತ ಒತ್ರಿ. ಕೆಳಗ ಜಗ್ಗರಿ. ಐಪಿ ಅಡ್ರೆಸ್ ಅಂತ ಐತಿ ನೋಡ್ರಿ."

ಸಿದ್ದರಾಯ ಕಣ್ಣು ಕಿರಿದು ಮಾಡಿ ನೋಡಿದ. 192.168.1.12 ಎಂದು ಇತ್ತು.

"ಇದು ಈ ಫೋನಿನ ನಂಬರ್ರಿ. ದಿನಾ ಬದಲಾಗಬಾರದಂತ ಕಟ್ಟಿ ಹಾಕೀನಿ. ಇನ್ನೊಂದು ಫೋನಿನ್ಯಾಗ ಈ ನಂಬರ ಹೊಡದ್ರ ಗಿರಣಿ ಕಾಣತೈತಿ. ಆದ್ರ ಇದು..."

"ತಿಳೀತು ತಂಗಿ."

"ಪೂರಾ ಕೇಳ್ರೆಲಾ..."

"ತಿಳೀತಂದ್ನಲ್ಲ! ಚಾ ಕುಡಿ, ಆರತೈತಿ."

ರುಕ್ಸಾರ ಚಹಾ ಕುಡಿದು ಹೋದಳು. ಮಾತಿನ ಉಳಿದರ್ಧವೂ ಅವಳ ಜೊತೆಗೇ ವಿಜಯಪುರದ ಬಸ್ಸು ಹತ್ತಿತು.

ಮರುದಿನದಿಂದ ಗಿರಣಿಯಲ್ಲಿ ಜೋಳ ಬೀಸುವುದಕ್ಕಿಂತ ಭಾಷಣವೇ ಹೆಚ್ಚಾಯಿತು. ಗಿರಣಿಯ ಪದ್ಧತಿ ಹೀಗೆ: ಜನ ಜೋಳದ ಡಬ್ಬಿ ತಂದಿಟ್ಟರೆ ಸಿದ್ದರಾಯ ಅದರ ಮೇಲೆ ಸೀಮೆಸುಣ್ಣದಿಂದ ನಂಬರು ಬರೆಯುತ್ತಾನೆ. ಸಂಜೆ ಬಂದವರು ನಂಬರು ಹೇಳಿ ಹಿಟ್ಟು ಒಯ್ಯುತ್ತಾರೆ. ಈಗ ಡಬ್ಬಿ ಇಟ್ಟವರಿಗೆಲ್ಲ ವೈಫೈ ಕೂಡಿಸಿಕೊಟ್ಟು, ಅವರವರ ಮೊಬೈಲಿನ ನಂಬರನ್ನೂ ತೆಗೆದು ತೋರಿಸತೊಡಗಿದ.

"ನೂರಾ ತೊಂಬತ್ತೆರಡು ಅಂದ್ರ ಜಿಲ್ಲಾ. ನೂರಾ ಅರವತ್ತೆಂಟು ತಾಲೂಕು. ಒಂದು ಅಂದ್ರ ನಮ್ಮ ಓಣಿ. ಹನ್ನೆರಡು ಅಂದ್ರ ನಾನು. ಇನ್ನ ಅಮೇರಿಕಾದಾಗ ಕುಂತು ಹೊಡದ್ರೂ ಸೀದಾ ಇಲ್ಲಿ ಬಂದು ಹತ್ತಬೇಕು!"

ಎದುರುಮನೆಯ ರಾಚವ್ವ ಎಪ್ಪತ್ತು ದಾಟಿದ ಮುದುಕಿ. ಪ್ರವಚನ ಕೇಳಲೆಂದು ಮಗ ಕೊಡಿಸಿದ ಮೊಬೈಲು ಅವಳ ಹತ್ತಿರ ಇತ್ತು. ಅದನ್ನು ಮುಂದೆ ಹಿಡಿದಳು.

"ನಂದೆಷ್ಟೋ ಸಿದ್ದಾ?"

"ಹದಿನಾಲ್ಕು, ಆಯಿ."

"ಯಾಕ? ನಾ ಈ ಓಣಿಗೆ ಸೊಸಿಯಾಗಿ ನಡೀಲಿಕ್ಕೆ ಬಂದಾಗ ನೀ ಹುಟ್ಟಿದ್ದಿಲ್ಲ. ನೀ ಹನ್ನೆರಡು, ನಾ ಹದಿನಾಲ್ಕು ಹ್ಯಾಂಗ? ತಿದ್ದು ಅದನ್ನ."

"ಅದು ಸರ್ಕಾರ ಕೊಟ್ಟಿದ್ದು ಆಯಿ, ತಿದ್ದಾಕ ಬರಂಗಿಲ್ಲ" ಎಂದ ಸಿದ್ದರಾಯ. ಸರ್ಕಾರಕ್ಕೆ ಈ ವಿಷಯ ಗೊತ್ತಿರಲಿಲ್ಲ. ರಾಚವ್ವ ಎರಡು ದಿನ ಮುಖ ತಿರುವಿಕೊಂಡು ಡಬ್ಬಿಯನ್ನು ಬೇರೆ ಗಿರಣಿಗೆ ಒಯ್ದಳು.

ಇಷ್ಟಕ್ಕೇ ನಿಂತಿದ್ದರೆ ಕಥೆಯೂ ಇಲ್ಲಿಗೇ ನಿಲ್ಲುತ್ತಿತ್ತು. ಅಷ್ಟರಲ್ಲಿ ಮಗನ ಜಾವಳ ಬಂತು.

ಸಿದ್ದರಾಯ ಮತ್ತು ಕಸ್ತೂರಿಯ ಮಗ ಸಂಗುವಿಗೆ ಮೂರು ತುಂಬುತ್ತ ಬಂದಿತ್ತು. ಹುಟ್ಟುಗೂದಲು ಇನ್ನೂ ತೆಗೆಸಿರಲಿಲ್ಲ. ಕಣ್ಣಿಗೆ ಬರುವ ಕೂದಲಿಗೆ ಕಸ್ತೂರಿ ದಿನಾ ಎರಡು ಜಡೆ ಹಾಕುತ್ತಿದ್ದಳು. ಅಂಗನವಾಡಿಯಲ್ಲಿ ಹುಡುಗರೆಲ್ಲ ಅವನನ್ನು ಸಂಗವ್ವ ಎಂದು ಕರೆಯುತ್ತಿದ್ದರು. ಸಂಗುವಿಗೆ ಅದೇ ರೂಢಿಯಾಗಿ, ಯಾರಾದರೂ ಹೆಸರು ಕೇಳಿದರೆ ತಾನೂ ಸಂಗವ್ವ ಎನ್ನತೊಡಗಿದ್ದ. ಅದನ್ನು ಕೇಳಿದ ದಿನ ಕಸ್ತೂರಿಗೆ ಅಳುವೇ ಬಂತು.

"ಮೂರು ತುಂಬೂದರಾಗ ತಗಸಬೇಕ್ರಿ. ತಪ್ಪಿದ್ರ ಮತ್ತ ಐದರಾಗ. ಇನ್ನ ಎರಡು ವರ್ಷ ಜಡಿ ಹಾಕ್ಕೊಂಡು ಸಾಲಿಗೆ ಹೋಗಬೇಕೇನು ನನ್ನ ಮಗ? ಜೈನಾಪುರಕ್ಕ ಹೋಗಿ ನನ್ನ ತಮ್ಮನ್ನ ಕರದು ಬರೂಣು."

ಜಾವಳವೆಂದರೆ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು, ಮೊದಲ ಕತ್ತರಿ ಅವನೇ ಹಾಕಬೇಕು. ಅವನಿಲ್ಲದೆ ನಾಪಿತನು ಕತ್ತರಿ ಮುಟ್ಟುವುದಿಲ್ಲ. ಅವನನ್ನು ಕರೆಯಲು ತೆಂಗಿನಕಾಯಿ, ಕುಂಕುಮ ಹಿಡಿದು ಮನೆಗೆ ಹೋಗಬೇಕು. ಆದರೆ ಮಾಳುವಿನ ಪಡಸಾಲೆಯಲ್ಲಿ ಮತ್ತೆ ಐದು ಸಲ ಎಮ್ಮೆ ನೋಡುವುದು ಸಿದ್ದರಾಯನಿಗೆ ಬೇಡವಾಗಿತ್ತು.

"ಈ ಕಾಲದಾಗ ಮನಿ ಮನಿ ಅಡ್ಡಾಡೂದೇನು? ಕಾರ್ಡ ಹೊಡಸಿ ಮೊಬೈಲಿಗೆ ಬಿಡತೀನಿ. ಮಾಳು ಬಂದ್ರ ಬರಲಿ. ಬರದಿದ್ರ ಅಲ್ಲೇ ಕುಂತು ನಂಬರ ಹೊಡದು ನೋಡಲಿ. ಅವ ಅಲ್ಲಿ ಗಾಳ್ಯಾಗ ಕತ್ತರಿ ಆಡಸಲಿ, ನಾವು ಇಲ್ಲಿ ಕೂದಲಾ ತಗೀತೀವಿ."

"ಗಾಳ್ಯಾಗ?" ಎಂದಳು ಕಸ್ತೂರಿ. ಮುಂದೆ ಅವಳು ಹೇಳಿದ್ದು ಬಹಳ ಇತ್ತು. ಸಿದ್ದರಾಯ ಅದರಲ್ಲಿ ಅರ್ಧ ಕೇಳಿ ಬಸ್ಸು ಹತ್ತಿದ.

ವಿಜಯಪುರದಲ್ಲಿ ಮಶಾಕಸಾಬರ ಅಚ್ಚುಮನೆ. ನಲವತ್ತು ವರ್ಷದಿಂದ ಜಿಲ್ಲೆಯ ಮದುವೆ, ಮುಂಜಿ, ತೊಟ್ಟಿಲುಗಳೆಲ್ಲ ಅವರ ಕೈಯಿಂದಲೇ ದಾಟಿ ಹೋಗಿವೆ. ಸಿದ್ದರಾಯ ಬರೆದು ತಂದದ್ದನ್ನು ಅವರು ಕನ್ನಡಕ ಏರಿಸಿ ಓದಿದರು: 'ಬರಲು ಅನಾನುಕೂಲವಾದವರು ತಮ್ಮ ತಮ್ಮ ಮನೆಯಲ್ಲಿಯೇ ಕುಳಿತು 192.168.1.12 ನಂಬರಿನಲ್ಲಿ ಜಾವಳ ನೋಡಿ ಆಶೀರ್ವದಿಸಬೇಕು.'

ಮಶಾಕಸಾಬರು ಬೆರಳು ಮಡಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಸಿದ್ದರಾಯರ, ಒಂಬತ್ತ ಅಂಕಿ ಅದಾವಲ್ರಿ. ಒಂದು ಎಲ್ಲಿ ಬಿತ್ತು?"

"ಇದು ಮೊಬೈಲ್ ನಂಬರಲ್ಲ ಸಾಬ್ರ. ಐಪಿ."

"ಯಾವ ಪಿ ಆದ್ರೇನ್ರಿ, ನಲವತ್ತು ವರ್ಷದಾಗ ಒಂಬತ್ತ ಅಂಕಿದು ನಾ ಹೊಡದಿಲ್ಲ. ನಾಳಿ ಜನಾ ಮಶಾಕಸಾಬಗ ಕಣ್ಣ ಹೋಗ್ಯಾವ ಅಂತಾರ. ಮತ್ತ ಈ ನಡುವ ಚುಕ್ಕಿ ಯಾಕ? ಶಾಯಿ ಸಿಡದಂಗ ಕಾಣತೈತಿ. ಸಣ್ಣ ಹೂವ ಹಾಕಲೇನು?"

"ಹೂವ ಹಾಕಿದ್ರ ಜಾವಳ ಕಾಣಂಗಿಲ್ರಿ!"

"ಹೂವ ಹಾಕಿದ್ದಕ್ಕ ಕೆಟ್ಟ ಕಾರ್ಯ ಇಲ್ಲೀಮಟ ನಾ ಕಂಡಿಲ್ಲ" ಎಂದು ಗೊಣಗುತ್ತಲೇ ಮಶಾಕಸಾಬರು ಚುಕ್ಕಿಗಳನ್ನು ಉಳಿಸಿದರು. ನೂರೈವತ್ತು ಕಾರ್ಡು ಹೊರಬಂದವು. ಮಾಳುವಿಗೆ ಹೋದದ್ದು ಕಾರ್ಡೂ ಅಲ್ಲ, ಕಾರ್ಡಿನ ಫೋಟೋ.

ಭಾನುವಾರ ಜಾವಳ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಒಮ್ಮೆ ನಂಬರು ಹೊಡೆದು ಪರೀಕ್ಷೆ ಮಾಡಬೇಕೆಂದು ಸಿದ್ದರಾಯ ಬೀಗರಿಗೆಲ್ಲ ತಿಳಿಸಿದ. ಒಡೆದ ಗಾಜಿನ ಫೋನನ್ನು ಗಿರಣಿಯಿಂದ ಬಿಚ್ಚಿ ಅಂಗಳದ ಬೇವಿನ ಗಿಡಕ್ಕೆ ಕಟ್ಟಿದ. ಜರಿ ರುಮಾಲು ಸುತ್ತಿ, ಕೊರಳಿಗೆ ಚೈನು ಹಾಕಿ, ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು ಅದರ ಮುಂದೆ ನಿಂತ. ಅಡುಗೆಮನೆಯಿಂದ ಕಸ್ತೂರಿ ತನ್ನ ಮೊಬೈಲಿನಲ್ಲಿ ನೋಡಿ, "ಕಾಣಾಕತ್ತೀರಿ. ರುಮಾಲ ಸೊಟ್ಟ ಐತಿ" ಎಂದಳು. ಸಿದ್ದರಾಯ ರುಮಾಲು ಸರಿಮಾಡಿಕೊಂಡು ಜಗತ್ತಿಗೆ ಕೈಮುಗಿದ.

ಮೊದಲು ಫೋನು ಬಂದದ್ದು ಘೋಣಸಗಿಯ ದೊಡ್ಡಪ್ಪನ ಮಗ ರಾಜಾರಾಮನದು.

"ತಮ್ಮಾ, ಹೆಸರು ಹಾಕ್ರಿ, ಪಾಸ್‌ವರ್ಡ್ ಹಾಕ್ರಿ ಅಂತ ಕೇಳಾಕತ್ತೈತಿ. ಸಂಗು ಅಂತ ಹಾಕಿದ್ಯಾ, ಒಲ್ಲೆ ಅಂತು. ನಿನ್ನ ಹೆಸರ ಹಾಕಿದ್ಯಾ, ಅದಕ್ಕೂ ಒಲ್ಲೆ ಅಂತು. ಜಾವಳ ಯಾರದೋ ಮತ್ತ?"

ಅವನಿಗೆ ಸಮಾಧಾನ ಹೇಳಿ ಇಡುವಷ್ಟರಲ್ಲಿ ಮಾಳುವಿನ ಫೋನು. ಸಿದ್ದರಾಯ ಎದೆ ಉಬ್ಬಿಸಿ ಕ್ಯಾಮೆರಾದ ಕಡೆಗೆ ಇನ್ನೊಂದು ಹೆಜ್ಜೆ ಹತ್ತಿರ ಹೋದ.

"ಏನ್ ಕಾಣಾಕತ್ತೈತಿ ಮಾಳು?"

"ಎಮ್ಮಿ ಐತ್ರಿ ಮಾಮಾ."

ಸಿದ್ದರಾಯ ಸುತ್ತಮುತ್ತ ನೋಡಿದ. ಅಂಗಳದಲ್ಲಿ ಅವನ ಹೊರತು ಯಾರೂ ಇರಲಿಲ್ಲ.

"ಸರಿಯಾಗಿ ನೋಡಲೇ."

"ಸರಿಯಾಗೇ ನೋಡಾಕತ್ತೀನ್ರಿ. ಕರ್ರಗ ಐತಿ. ಕೊಳ್ಳಾಗ ಸರಪಳಿ ಐತಿ. ಬಾಯಿ ಆಡಸಾಕತ್ತೈತಿ."

ಸಿದ್ದರಾಯ ಬಾಯಾಡಿಸುವುದನ್ನು ನಿಲ್ಲಿಸಿದ. ಮದುವೆಯಾಗಿ ಆರು ವರ್ಷವಾಗಿತ್ತು, ಹೆಂಡತಿಯ ತವರಿನಿಂದ ಇಂಥ ಮಾತು ಕೇಳಿರಲಿಲ್ಲ.

"ಏ ಮಾಳ್ಯಾ! ಸಣ್ಣಾಂವ ಅಂತ ಸುಮ್ಮ ಅದೀನಿ. ನಾಲಿಗಿ ಬಿಗಿ ಹಿಡಿ!"

"ತಡೀರಿ ಮಾಮಾ, ತಡೀರಿ... ಇದರ ಹಣಿ ಮ್ಯಾಲ ಬಿಳಿ ಮಚ್ಚಿ ಐತಿ. ಯಪ್ಪಾ! ಇದು ನಮ್ಮ ಚಂದ್ರಿ!"

ಮರುಗಳಿಗೆಗೆ ಮಾಳುವಿನ ದನಿ ಬೇರೆಯಾಗಿತ್ತು.

"ಮಾಮಾ, ನಮ್ಮ ಎಮ್ಮಿ ನಿಮ್ಮ ನಂಬರಿಗೆ ಹ್ಯಾಂಗ ಬಂತು? ನಮ್ಮ ಕೊಟ್ಟಿಗಿ ನಿಮ್ಮ ಜಾವಳದ ಕಾರ್ಡಿನ್ಯಾಗ ಯಾಕ ಹಾಕೀರಿ? ನೂರಾ ಐವತ್ತ ಮನ್ಯಾಗ ಕುಂತು ನಮ್ಮ ಚಂದ್ರಿನ್ನ ನೋಡಾಕತ್ತಾರೇನು? ಅದಕ್ಕ ನಾಕ ದಿನದಿಂದ ಹಾಲ ಕಡಿಮಿ ಆಗೈತಿ! ಇಷ್ಟ ಮಂದಿ ಕಣ್ಣ ಬಿದ್ದ ಮ್ಯಾಲ ಆಕಿ ಏನ್ ಕೊಟ್ಟಾಳು?"

"ಏ, ನಿನ್ನ ಎಮ್ಮಿ ಯಾರಿಗೆ ಬೇಕೋ!"

"ನಿಮಗ ಬೇಕು. ಪಂಚಮಿಗೆ ಐದ ಸಲ ನೋಡೀರಿ. ಜಾವಳಕ್ಕ ನಾ ಬರಂಗಿಲ್ಲ. ಅಕ್ಕಗ ಹೇಳ್ರಿ."

ಫೋನು ಕಟ್ಟಾಯಿತು. ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು. ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಸಂಗುವಿನ ಅರ್ಧ ಹೆಣೆದ ಜಡೆ. ಅವಳು ಒಂದು ಮಾತೂ ಆಡದೆ ಉಳಿದರ್ಧ ಜಡೆ ಹೆಣೆದಳು. ಬೈದಿದ್ದರೆ ಅರ್ಧ ಕೇಳಿ ಎದ್ದು ಹೋಗಬಹುದಿತ್ತು. ಬೈಯದವಳ ಮುಂದಿನಿಂದ ಏಳುವುದು ಹೇಗೆಂದು ಸಿದ್ದರಾಯನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಸುದ್ದಿ ಓಣಿಗೆ ಹರಡಿತು. ಸಿದ್ದರಾಯನ ನಂಬರು ಹೊಡೆದರೆ ಎಮ್ಮೆ ಬರುತ್ತದೆ ಎಂದು ಕೆಲವರು, ಎಮ್ಮೆಯ ನಂಬರು ಹೊಡೆದರೆ ಸಿದ್ದರಾಯ ಬರುತ್ತಾನೆ ಎಂದು ಕೆಲವರು. ರಾಚವ್ವ ಹಳೆಯ ಸಿಟ್ಟು ಬಿಟ್ಟು ಗಿರಣಿಗೆ ಬಂದು, "ನಂದು ಹದಿನಾಲ್ಕ ಇರಲಿ ಬಿಡಪಾ. ಹನ್ನೆರಡ ನನಗ ಬ್ಯಾಡ" ಎಂದಳು.

ಮಧ್ಯಾಹ್ನ ಸಿದ್ದರಾಯ ರುಕ್ಸಾರಳಿಗೆ ಫೋನು ಮಾಡಿದ. ಅವಳು ಎಲ್ಲ ಕೇಳಿ ನಕ್ಕಳು. ನಕ್ಕು ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಅಣ್ಣಾರ, ನಿಮ್ಮ ಗಿರಣ್ಯಾಗ ಹನ್ನೆರಡನೇ ನಂಬರಿನ ಡಬ್ಬಿ ಇರತೈತಿ, ಹೌದಿಲ್ರಿ?"

"ಇರತೈತಿ."

"ಬಬಲೇಶ್ವರದ ಗಿರಣ್ಯಾಗೂ ಒಂದು ಹನ್ನೆರಡನೇ ಡಬ್ಬಿ ಇರತೈತಿ. ನೀವು ಬಬಲೇಶ್ವರಕ್ಕ ಹೋಗಿ, ನನ್ನ ಹನ್ನೆರಡು ಕೊಡ್ರಿ ಅಂದ್ರ ಯಾರ ಹಿಟ್ಟು ಕೊಡತಾರ?"

"ಅಲ್ಲಿಯವರದು."

"ಇದೂ ಹಂಗರಿ. ಒಂದೊಂದು ಮನಿ ವೈಫೈ ಒಂದೊಂದು ಗಿರಣಿ ಇದ್ದಂಗ. ಅದು ತನ್ನ ಮನ್ಯಾಗಿನ ಫೋನಿಗೆ, ಕ್ಯಾಮೆರಾಕ್ಕ ತಾನ ನಂಬರ ಬರಕೊಂತೈತಿ. ಎಲ್ಲಾರ ಮನ್ಯಾಗೂ ಹೆಚ್ಚು ಕಡಿಮಿ ಅವ ನಂಬರ ಬರತಾವು. ಜೈನಾಪುರದಾಗ ಹನ್ನೆರಡು ಅಂದ್ರ ಅಲ್ಲಿಯ ಎಮ್ಮಿ ಕ್ಯಾಮೆರಾ. ಘೋಣಸಗ್ಯಾಗ ಇನ್ನೇನೋ ಯಂತ್ರ. ನಿಮ್ಮ ಹನ್ನೆರಡು ನಿಮ್ಮ ಮನಿ ಒಳಗ ಬಂದವರಿಗೆ ಅಷ್ಟ ಕಾಣತೈತ್ರಿ. ಅವತ್ತು ನಾ ಇದನ್ನ ಹೇಳಾಕತ್ತಿದ್ದೆ. ನೀವು ಚಾ ಕುಡಿ ಅಂದ್ರಿ."

ಸಿದ್ದರಾಯ ಹುಟ್ಟಿದಂದಿನಿಂದ ಕೇಳಿದ ಮೊದಲ ಪೂರ್ತಿ ಮಾತು ಇದು. ಕಿವಿಯಿಂದ ಫೋನು ತೆಗೆದು, ಸಾಲಾಗಿ ನಿಂತಿದ್ದ ಡಬ್ಬಿಗಳನ್ನು ನೋಡಿದ. ಇಪ್ಪತ್ತು ವರ್ಷದಿಂದ ದಿನಾ ತಾನೇ ಬರೆಯುವ ನಂಬರು. ಸಂಜೆ ಒರೆಸಿ, ಬೆಳಿಗ್ಗೆ ಮತ್ತೆ ಒಂದರಿಂದ ಶುರು.

ಮರುದಿನ ಗಿರಣಿ ಬಾಗಿಲು ಹಾಕಿ, ಕಸ್ತೂರಿ ಮತ್ತು ಸಂಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು, ಬಬಲೇಶ್ವರ ದಾಟಿ ಜೈನಾಪುರಕ್ಕೆ ಹೋದ. ಕಸ್ತೂರಿಯ ಕೈಯಲ್ಲಿ ತೆಂಗಿನಕಾಯಿ, ಕುಂಕುಮದ ಬಟ್ಟಲು.

ಕೊಟ್ಟಿಗೆಯಲ್ಲಿ ಚಂದ್ರಿಯ ಕೊಂಬಿಗೆ ಲಿಂಬೆಹಣ್ಣು, ಮೆಣಸಿನಕಾಯಿ. ಕಾಲಿಗೆ ಕರಿ ದಾರ. ಕ್ಯಾಮೆರಾದ ಮುಖಕ್ಕೆ ಗೋಣಿಚೀಲ. ಮಾಳು ಚಂದ್ರಿಯ ಮುಂದೆ ಅಡ್ಡ ನಿಂತುಕೊಂಡ, ಭಾವನ ಕಣ್ಣು ಬೀಳದಂತೆ.

ಸಿದ್ದರಾಯ ಡಬ್ಬಿಯ ಲೆಕ್ಕವನ್ನು ರುಕ್ಸಾರ ಹೇಳಿದಂತೆಯೇ ಒಪ್ಪಿಸಿದ. ಮಾಳು ತಲೆಯಾಡಿಸಲಿಲ್ಲ.

"ಹಂಗಾದ್ರ ನಿನ್ನ ಮನಿ ವೈಫೈ ನನ್ನ ಮೊಬೈಲಿಗೆ ಕೂಡಸು" ಎಂದ ಸಿದ್ದರಾಯ. ಮಾಳು ಅನುಮಾನದಿಂದಲೇ ಕೂಡಿಸಿಕೊಟ್ಟ. ಸಿದ್ದರಾಯ ತಾನೇ ಸೆಟ್ಟಿಂಗ್ ತೆಗೆದ, ವೈಫೈ ಒತ್ತಿದ, ಹೆಸರಿನ ಮೇಲೆ ಮತ್ತೆ ಒತ್ತಿ ಕೆಳಗೆ ಜಗ್ಗಿದ. ಮೊಬೈಲನ್ನು ಮಾಳುವಿನ ಮುಂದೆ ಹಿಡಿದ. 192.168.1.13.

"ತಿಕೋಟಾದಾಗ ಈ ಮೊಬೈಲಿನ ನಂಬರ ಐದು. ಇಲ್ಲಿ ಬಂದ ಕೂಡ್ಲೇ ನಿನ್ನ ಮನಿ ನಂಬರ ಬಂತು. ನೋಡಿದಿಲ್ಲೋ?"

ಮಾಳು ಬಗ್ಗಿ ಓದಿದ. ಮೀಸೆಯ ತುದಿ ಅಲುಗಿತು.

"ಎಮ್ಮಿ ಹನ್ನೆರಡು, ಮಾಮಾ ಹದಿಮೂರು."

ಕಸ್ತೂರಿ ಹಿಂದಿನ ದಿನದಿಂದ ಮೊದಲ ಸಲ ನಕ್ಕಳು. ಕುಂಕುಮದ ಬಟ್ಟಲು ತೆಗೆದು ತಮ್ಮನ ಹಣೆಗೆ ಹಚ್ಚಿದಳು. ಮಾಳು ಬಗ್ಗಿದ ತಲೆ ಎತ್ತಲಿಲ್ಲ.

"ಎಮ್ಮಿ ಮಾತ ಬಿಡಕ್ಕಾ. ಇರೂ ಒಬ್ಬ ಅಳಿಯಾನ ಜಾವಳಕ್ಕ ನನ್ನ ಮೊಬೈಲಿನ್ಯಾಗ ಕರದ್ರಿ. ಬರದಿದ್ರ ಅಲ್ಲೇ ಕುಂತು ನೋಡು ಅಂದ್ರಿ. ಅದು ಮನಸಿಗೆ ಹತ್ತಿತು ನನಗ."

"ತಪ್ಪ ನಂದು" ಎಂದ ಸಿದ್ದರಾಯ. ಅಷ್ಟೇ ಹೇಳಿದ. ಸಂಗು ಅಷ್ಟರಲ್ಲಿ ಚಂದ್ರಿಯ ಬಾಲ ಹಿಡಿದು, ಯಾರೂ ಕೇಳದಿದ್ದರೂ ತನ್ನ ಹೆಸರು ಸಂಗವ್ವ ಎಂದು ಅದಕ್ಕೆ ಹೇಳುತ್ತಿದ್ದ. ಮಾಳು ಅವನನ್ನು ಎತ್ತಿಕೊಂಡು ಜಡೆ ಮುಟ್ಟಿ ನೋಡಿದ.

"ಐತವಾರ ಬರತೀನ್ರಿ. ಆದ್ರ ನಡನಡುವ ಒಮ್ಮಿ 'ಎಮ್ಮಿ' ಗುರುತ ಒತ್ತಿ ಚಂದ್ರಿನ್ನ ನೋಡ್ತಿರತೀನಿ, ಅದೂ ಈ ಹನ್ನೆರಡ ನಂಬರನ್ನ ತಗೀತೈತಿ. ಹೊಲಕ್ಕ ಹೋದ್ರ ಯಾಕೋ ಕಾಣಂಗಿಲ್ಲ, ರೇಂಜ್ ಇರಂಗಿಲ್ಲ ಅಂತ ಕಾಣತೈತಿ. ತಿಕೋಟಾದಾಗ ಚೊಲೋ ವೈಫೈ ಐತಿ, ಕಾಣತೈತಿ ತಗೋರಿ."

ಸಿದ್ದರಾಯ ಬಾಯಿ ತೆರೆದ. ಆದರೆ ಮಾಳು ಆಗಲೇ ಕ್ಯಾಮೆರಾದ ಗೋಣಿಚೀಲ ತೆಗೆಯಲು ಹೋಗಿದ್ದ. ಅರ್ಧ ಕೇಳುವವರು ಆ ಮನೆತನದಲ್ಲೂ ಇದ್ದರು.

ಭಾನುವಾರ ಸಿದ್ದರಾಯನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಯಲ್ಲೇ ಕೂತು ನೋಡಬೇಕಾಗಿದ್ದವರೆಲ್ಲ ಬಂದಿದ್ದರು. ರಾಜಾರಾಮ ಘೋಣಸಗಿಯಿಂದ ಒಂದು ಟಂಟಂ ತುಂಬ ಜನರನ್ನು ಕರೆದುಕೊಂಡು ಬಂದ. "ಎಷ್ಟ ಸಲ ಹೊಡದ್ರೂ ಪಾಸ್‌ವರ್ಡ್ ಕೇಳತೈತಿ. ಸಾಕಾಗಿ ನಾವ ಬಂದ್ವಿ" ಎಂದ. ಮಶಾಕಸಾಬರು ತಾವು ಮುದ್ರಿಸಿದ ಒಂಬತ್ತು ಅಂಕಿ ಏನಾಯಿತೆಂದು ವಿಚಾರಿಸಲು ಬಂದರು. ಇನ್ನೊಂದು ಹಂಡೆ ಹುಗ್ಗಿ ಒಲೆಗೇರಿತು. ಮಾಳುವೂ ಸೇರಿ ಬಂದವರಿಗೆಲ್ಲ ಸಿದ್ದರಾಯ ಮೊದಲು ನೀರು, ಆಮೇಲೆ ವೈಫೈ ಕೊಟ್ಟ. ಬೇವಿನ ಗಿಡದ ಫೋನು ಅಲ್ಲೇ ಇತ್ತು. ಬಿಚ್ಚಲು ಯಾರಿಗೂ ನೆನಪಾಗಿರಲಿಲ್ಲ.

ಮಾಳು ಮಣೆಯ ಮೇಲೆ ಕೂತು ಸಂಗುವನ್ನು ತೊಡೆಗೇರಿಸಿಕೊಂಡ. ಹೊಸ ಅಂಗಿ ತೊಡಿಸಿದ. ನಾಪಿತ ಕೊಟ್ಟ ಕತ್ತರಿಯಿಂದ ಒಂದು ಜಡೆಯನ್ನು ಬುಡಕ್ಕೇ ಕತ್ತರಿಸಿದ. ಕೆಳಗೆ ಬೀಳದಂತೆ ಕಸ್ತೂರಿ ಅದನ್ನು ಸೆರಗಿನಲ್ಲಿ ಹಿಡಿದಳು, ಕಣ್ಣು ಒರೆಸಿಕೊಳ್ಳಲು ಅವಳಿಗೆ ಬೇರೆ ಕೈ ಇರಲಿಲ್ಲ. ನಾಪಿತ ಉಳಿದದ್ದನ್ನು ಬೋಳಿಸಿ ಮುಗಿಸಿದಾಗ ರಾಚವ್ವ ಬಗ್ಗಿ ಕೇಳಿದಳು:

"ಏನಪಾ ನಿನ್ನ ಹೆಸರು?"

ಹುಡುಗ ಬೋಳು ತಲೆಯನ್ನು ಎರಡೂ ಕೈಯಿಂದ ಸವರಿಕೊಂಡು ಸ್ವಲ್ಪ ಯೋಚಿಸಿದ.

"ಸಂಗು" ಎಂದ.

ಅಂಗಳವೆಲ್ಲ ನಕ್ಕಿತು. ಕೆಲಸ ಮುಗಿಯಿತೆಂದು ಸಿದ್ದರಾಯ ಬೇವಿನ ಗಿಡದ ಕೆಳಗೆ ಹೋಗಿ, ಜರಿ ರುಮಾಲು ಸರಿಪಡಿಸಿಕೊಂಡು, ಎಲೆಅಡಿಕೆ ಬಾಯಿಗೆ ಹಾಕಿಕೊಂಡ. ಅತ್ತ ಮಣೆಯ ಮೇಲಿದ್ದ ಮಾಳುವಿಗೆ ಚಂದ್ರಿಯ ನೆನಪಾಯಿತು. ಮೊಬೈಲು ತೆಗೆದು 'ಎಮ್ಮಿ' ಎಂದಿದ್ದ ಗುರುತನ್ನು ಒತ್ತಿದ. ನೋಡಿದ. ಮೊಬೈಲು ಹತ್ತಿರ ತಂದುಕೊಂಡು ಮತ್ತೆ ನೋಡಿದ. ಆಮೇಲೆ ತಲೆ ಎತ್ತಿ ಬೇವಿನ ಗಿಡದ ಕಡೆ ನೋಡಿದ.

"ಯಾಕೋ ಮಾಳು?" ಎಂದ ಸಿದ್ದರಾಯ ಅಲ್ಲಿಂದಲೇ. "ಆರಾಮ ಐತೇನು ನಿನ್ನ ಎಮ್ಮಿ?"

"ಆರಾಮ ಐತ್ರಿ ಮಾಮಾ," ಎಂದ ಮಾಳು. "ರುಮಾಲ ಸುತ್ತಕೊಂಡು ಬಾಯಿ ಆಡಸಾಕತ್ತೈತಿ."

ಸಿದ್ದರಾಯ ಬಾಯಾಡಿಸುವುದನ್ನು ನಿಲ್ಲಿಸಿದ. ಮೊಬೈಲಿನಲ್ಲೂ ನಿಂತಿತು.